ಹೇಳುವ ಮೊದಲು ಕೇಳೋಣ



ಎಸೆಸೆಲ್ಸಿ ಫಲಿತಾಂಶ ಬಂದ ಮರುದಿನದಿಂದ ಬಜಪೆಯ ನಮ್ಮ ಮನೆಯ ಜಗಲಿಗೆ ಬಿಡುವಿರುವುದಿಲ್ಲ. ಮಗಳನ್ನು ಮುಂದೆ ಮಾಡಿಕೊಂಡು ಉಮ್ಮಂದಿರು ಬರುತ್ತಾರೆ. ಚಾ ಕುಡಿದು ಮುಗಿಯುವ ಮೊದಲೇ ಪ್ರಶ್ನೆ ಬರುತ್ತದೆ: "ಟೀಚರ್, ಇವಳನ್ನು ಯಾವುದಕ್ಕೆ ಸೇರಿಸಿದರೆ ಒಳ್ಳೆಯದು? ನೀವೇ ಹೇಳಿ." ಮಗಳು ಶಾಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿರುತ್ತಾಳೆ.

ಹಿಂದೆ ನಾನು ಒಂದೇ ನಿಮಿಷದಲ್ಲಿ ಉತ್ತರ ಕೊಟ್ಟುಬಿಡುತ್ತಿದ್ದೆ. ಅಂಕ ಹೆಚ್ಚಿದ್ದರೆ ಸಯನ್ಸ್, ಸಾಧಾರಣವಾದರೆ ಕಾಮರ್ಸ್, ಕಡಿಮೆಯಾದರೆ ಆರ್ಟ್ಸ್ ಅಥವಾ ಟೈಲರಿಂಗ್. ಅಂಕಪಟ್ಟಿಯನ್ನು ನೋಡುತ್ತಿದ್ದೆನೇ ಹೊರತು ಹುಡುಗಿಯ ಮುಖವನ್ನು ನೋಡುತ್ತಿರಲಿಲ್ಲ. ಈಗ ಹಾಗೆ ಮಾಡುವುದಿಲ್ಲ. "ಉಮ್ಮ, ನೀವು ಸ್ವಲ್ಪ ಹೊತ್ತು ಒಳಗೆ ನಮ್ಮ ಅತ್ತೆಯವರ ಜೊತೆ ಮಾತಾಡುತ್ತಿರಿ" ಎಂದು ಹೇಳಿ ಮೊದಲು ಹುಡುಗಿಯ ಹತ್ತಿರ ಕುಳಿತುಕೊಳ್ಳುತ್ತೇನೆ.

ಹೀಗೆ ಬದಲಾಗಲು ಕಾರಣ ನನ್ನದೇ ಒಬ್ಬ ವಿದ್ಯಾರ್ಥಿನಿ. ಸುಮಾರು ಹನ್ನೆರಡು ವರ್ಷಗಳ ಹಿಂದಿನ ಮಾತು. ಅವಳ ತಾಯಿ ಬೀಡಿ ಕಟ್ಟುತ್ತಿದ್ದರು, ತಂದೆ ಗಲ್ಫ್‌ನಲ್ಲಿ ಡ್ರೈವರ್. ಹುಡುಗಿ ಎಸೆಸೆಲ್ಸಿಯಲ್ಲಿ ನಮ್ಮ ನೆರೆಕರೆಯಲ್ಲೇ ಹೆಚ್ಚು ಅಂಕ ತೆಗೆದಳು. ನಾನು ಹಿಂದೆ ಮುಂದೆ ಯೋಚಿಸದೆ, "ಸಯನ್ಸ್ ಕೊಡಿಸಿ. ಡಾಕ್ಟರ್ ಆಗದಿದ್ದರೂ ನರ್ಸಿಂಗ್ ಆದರೂ ಮಾಡಬಹುದು" ಎಂದೆ. ಟೀಚರ್ ಹೇಳಿದ ಮೇಲೆ ಇನ್ನೇನು? ತಾಯಿ ಕೈಬಳೆ ಅಡವಿಟ್ಟು ಕಾಲೇಜಿಗೆ ಸೇರಿಸಿದರು. ಮೊದಲ ವರ್ಷದ ಪಿಯುಸಿಯಲ್ಲೇ ಅವಳು ಎರಡು ವಿಷಯಗಳಲ್ಲಿ ಅನುತ್ತೀರ್ಣಳಾದಳು. ನಾಚಿಕೆಯಿಂದ ಮತ್ತೆ ಕಾಲೇಜಿಗೆ ಹೋಗಲಿಲ್ಲ. ನಾನು ದಾರಿಯಲ್ಲಿ ಎದುರಾದರೆ ಅಂಗಡಿಯೊಳಗೆ ನುಗ್ಗಿ ತಪ್ಪಿಸಿಕೊಳ್ಳುತ್ತಿದ್ದಳು.

ಎರಡು ವರ್ಷಗಳ ನಂತರ ಒಂದು ಮದುವೆ ಮನೆಯಲ್ಲಿ ಸಿಕ್ಕಿಬಿಟ್ಟಳು. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ, "ನಿನಗೆ ನಿಜವಾಗಿ ಏನು ಓದಬೇಕೆಂದಿತ್ತು ಮಗಳೇ?"

ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, "ನನಗೆ ಲೆಕ್ಕ ಬರೆಯುವುದೆಂದರೆ ಇಷ್ಟ ಟೀಚರ್. ಯಾರೂ ಕೇಳಲಿಲ್ಲವಲ್ಲ."

ನನ್ನ ಎದೆ ಧಸಕ್ಕೆಂದಿತು. ಏಕೆಂದರೆ ಅದು ನನಗೆ ಗೊತ್ತಿರಬೇಕಾದ ವಿಷಯವೇ ಆಗಿತ್ತು. ಏಳನೇ ತರಗತಿಯಿಂದಲೇ ಆ ನೆರೆಕರೆಯ ಹೆಂಗಸರ ಬೀಡಿ ಪುಸ್ತಕವನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಅವಳು. ಎಷ್ಟು ಎಲೆ ಬಂತು, ಎಷ್ಟು ಸಾವಿರ ಬೀಡಿ ಬ್ರಾಂಚಿಗೆ ಹೋಯಿತು, ಎಷ್ಟು ತಿರಸ್ಕಾರವಾಯಿತು, ಎಷ್ಟು ಹಣ ಬಾಕಿ ಎಂದು ಎಲ್ಲವನ್ನೂ ಗೆರೆ ಎಳೆದು ಬರೆದಿಡುತ್ತಿದ್ದಳು. ನಾನೇ ಎಷ್ಟೋ ಸಲ ಅದನ್ನು ನೋಡಿ ಹೊಗಳಿದ್ದೆ. ಆದರೆ ದಾರಿ ತೋರಿಸುವ ಹೊತ್ತಿಗೆ ಅದು ನನ್ನ ನೆನಪಿಗೇ ಬರಲಿಲ್ಲ. ನಾನು ಅವಳಿಗೆ ನನ್ನ ಕನಸನ್ನು ಕೊಟ್ಟುಬಿಟ್ಟಿದ್ದೆ. ಅವಳ ಕನಸು ಬೀಡಿ ಪುಸ್ತಕದೊಳಗೆಯೇ ಉಳಿಯಿತು.

ಇಂದು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಇದೇ ವಿಷಯ. ಒಬ್ಬರ ಗುರಿಯನ್ನು ಅವರೇ ಕಂಡುಕೊಳ್ಳುವಂತೆ ನೆರವಾಗುವುದು ಹೇಗೆ? ಕಂಡುಕೊಂಡ ಮೇಲೆ ಅದನ್ನು ಮುಟ್ಟುವವರೆಗೆ ಜೊತೆಗಿರುವುದು ಹೇಗೆ?

ಕೋಚಿಂಗ್ ಎಂದರೆ ಟ್ಯೂಷನ್ ಮಾತ್ರವೇ?

ನಮ್ಮ ಜಿಲ್ಲೆಯಲ್ಲಿ ಕೋಚಿಂಗ್ ಎಂದರೆ ಸಿಇಟಿ, ನೀಟ್ ತರಗತಿಗಳೆಂದೇ ಅರ್ಥ. ಆದರೆ ಈ ಶಬ್ದಕ್ಕೆ ಬೇರೆಯೇ ಒಂದು ಹಿನ್ನೆಲೆಯಿದೆ. ಹಂಗೆರಿ ದೇಶದಲ್ಲಿ ಕೋಚ್ ಎಂಬ ಹಳ್ಳಿಯಿದೆ. ಕೆಲವು ಶತಮಾನಗಳ ಹಿಂದೆ ಅಲ್ಲಿ ತಯಾರಾಗುತ್ತಿದ್ದ ಕುದುರೆ ಗಾಡಿಗಳು ಯುರೋಪಿನಲ್ಲೆಲ್ಲ ಹೆಸರಾದವು. ಗಾಡಿಗೆ ಆ ಊರಿನ ಹೆಸರೇ ಅಂಟಿಕೊಂಡಿತು. ಮುಂದೆ 19ನೇ ಶತಮಾನದಲ್ಲಿ ಇಂಗ್ಲೆಂಡಿನ ವಿದ್ಯಾರ್ಥಿಗಳು, ತಮ್ಮನ್ನು ಪರೀಕ್ಷೆಯ ಆಚೆ ದಡಕ್ಕೆ ಮುಟ್ಟಿಸುವ ಶಿಕ್ಷಕರನ್ನು ತಮಾಷೆಗಾಗಿ ಕೋಚ್ ಎಂದು ಕರೆದರು. ಗಾಡಿಯ ಕೆಲಸವೇನು? ಹೋಗಬೇಕಾದ ಊರಿಗೆ ಮುಟ್ಟಿಸುವುದು. ಆದರೆ ಯಾವ ಊರಿಗೆ ಹೋಗಬೇಕೆಂದು ಹೇಳಬೇಕಾದವರು ಒಳಗೆ ಕುಳಿತವರು. ನಾನು ಮಾಡಿದ ತಪ್ಪು ಇಲ್ಲೇ ಇತ್ತು.

ಫೆಸಿಲಿಟೇಟರ್ ಎಂಬ ಇನ್ನೊಂದು ಮಾತಿದೆ. ಕನ್ನಡದಲ್ಲಿ ಸುಗಮಕಾರರು ಎನ್ನುತ್ತಾರೆ. ಶಾಲೆಗೆ ಹೋಗುವ ಸಣ್ಣ ಮಕ್ಕಳಿರುವ ತಾಯಂದಿರಿಗೆ ಈ ಪದ ನಲಿ-ಕಲಿಯಿಂದಾಗಿ ಪರಿಚಿತ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ ಈ ಕಲಿಕಾ ಕ್ರಮದಲ್ಲಿ ಶಿಕ್ಷಕಿ ಹಲಗೆಯ ಮುಂದೆ ನಿಂತು ಪಾಠ ಒಪ್ಪಿಸುವುದಿಲ್ಲ. ಮಕ್ಕಳ ಗುಂಪಿನ ನಡುವೆ ನೆಲದ ಮೇಲೆ ಕೂರುತ್ತಾಳೆ. ಪ್ರತಿ ಮಗುವೂ ತನ್ನ ಮೆಟ್ಟಿಲನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಎಲ್ಲಿ ಎಡವಿತೋ ಅಲ್ಲಿ ಶಿಕ್ಷಕಿ ಕೈ ಕೊಡುತ್ತಾಳೆ.

ಹಾಗಾದರೆ ವ್ಯತ್ಯಾಸ ಇಷ್ಟೇ. ಉಪದೇಶ ಮಾಡುವವರು ತಮಗೆ ಗೊತ್ತಿರುವುದನ್ನು ಹೇಳುತ್ತಾರೆ. ತರಬೇತಿ ಕೊಡುವವರು ಕೆಲಸ ಕಲಿಸುತ್ತಾರೆ. ಕೋಚ್ ಆದವರು ಪ್ರಶ್ನೆ ಕೇಳಿ, ಎದುರಿಗಿರುವವರ ಮನಸ್ಸಿನಲ್ಲಿ ಮಸುಕಾಗಿರುವುದನ್ನು ಅವರಿಗೇ ಸ್ಪಷ್ಟಗೊಳಿಸುತ್ತಾರೆ. ಇದೇ ಕೆಲಸವನ್ನು ಒಂದು ಗುಂಪಿನೊಳಗೆ ಮಾಡುವವರು ಸುಗಮಕಾರರು. ನಾಲ್ಕೂ ಬೇಕು. ನಮ್ಮ ಮನೆಗಳಲ್ಲಿ ಮೊದಲನೆಯದು ಧಾರಾಳವಾಗಿದೆ. ಕೊನೆಯ ಎರಡರ ಬರವಿದೆ.

ಕೊಡಲಿಗೆ ಕಾವು ಹಾಕಿದ ಕೈಗಳು

ಇದೇನೋ ಪಶ್ಚಿಮದಿಂದ ಬಂದ ಹೊಸ ಫ್ಯಾಷನ್ ಎಂದು ಭಾವಿಸಬೇಡಿ. ಮದ್ರಸದಲ್ಲಿ ನಾವೆಲ್ಲ ಕೇಳಿದ ಒಂದು ಘಟನೆಯನ್ನು ನೆನಪಿಸಿಕೊಳ್ಳಿ. ಅನಸ್ ಬಿನ್ ಮಾಲಿಕ್(ರ) ಅವರಿಂದ ವರದಿಯಾದ ಇದು ಅಬೂದಾವೂದ್ ಸಂಗ್ರಹದಲ್ಲಿದೆ. ಅನ್ಸಾರಿಗಳ ಪೈಕಿ ಒಬ್ಬರು ಪ್ರವಾದಿವರ್ಯರ(ಸ) ಬಳಿಗೆ ನೆರವು ಯಾಚಿಸಿ ಬಂದರು. ಪ್ರವಾದಿವರ್ಯರು(ಸ) ತಕ್ಷಣ ಹಣ ಕೊಡಲೂ ಇಲ್ಲ, ಬೈದು ಕಳುಹಿಸಲೂ ಇಲ್ಲ. ಮನೆಯಲ್ಲಿ ಏನಾದರೂ ಇದೆಯೇ ಎಂದು ವಿಚಾರಿಸಿದರು. ಹೊದೆಯಲೂ ಹಾಸಲೂ ಬಳಸುವ ಒಂದು ಒರಟು ಬಟ್ಟೆ ಮತ್ತು ನೀರು ಕುಡಿಯುವ ಒಂದು ಪಾತ್ರೆ ಇದೆಯೆಂದು ಆ ವ್ಯಕ್ತಿ ತಿಳಿಸಿದರು. ಅವನ್ನು ತರಿಸಿ, ಅಲ್ಲಿದ್ದವರ ನಡುವೆ ಪ್ರವಾದಿವರ್ಯರೇ(ಸ) ಏಲಂ ಹಾಕಿದರು. ಮೊದಲು ಒಂದು ದಿರ್ಹಮ್, ಆಮೇಲೆ ಎರಡು ದಿರ್ಹಮ್ ಬಂತು. ಒಂದರಲ್ಲಿ ಮನೆಯವರಿಗೆ ಆಹಾರ, ಇನ್ನೊಂದರಲ್ಲಿ ಕೊಡಲಿ. ತಂದ ಕೊಡಲಿಗೆ ಪ್ರವಾದಿವರ್ಯರು(ಸ) ತಮ್ಮ ಕೈಯಿಂದಲೇ ಕಾವು ಹಾಕಿಕೊಟ್ಟರು. ಸೌದೆ ಕಡಿದು ಮಾರುವಂತೆಯೂ ಹದಿನೈದು ದಿನ ತಮಗೆ ಮುಖ ತೋರಿಸಬಾರದೆಂದೂ ಹೇಳಿ ಕಳುಹಿಸಿದರು. ಆ ವ್ಯಕ್ತಿ ಮರಳಿ ಬಂದಾಗ ಕೈಯಲ್ಲಿ ಹತ್ತು ದಿರ್ಹಮ್ ಇತ್ತು.

ಈ ಘಟನೆಯನ್ನು ನಾವು ದುಡಿಮೆಯ ಮಹತ್ವ ತಿಳಿಸಲು ಹೇಳುತ್ತೇವೆ. ಅದು ಸರಿಯೇ. ಆದರೆ ನೆರವಾದ ಕ್ರಮವನ್ನೂ ಗಮನಿಸಿ. ಮೊದಲು ಬಂದದ್ದು ಪ್ರಶ್ನೆ, ಅದೂ ಇಲ್ಲದ್ದರ ಬಗ್ಗೆಯಲ್ಲ, ಇರುವುದರ ಬಗ್ಗೆ. ಬಂಡವಾಳ ಆ ವ್ಯಕ್ತಿಯದ್ದೇ ಆಯಿತು. ಹೊಟ್ಟೆಯ ಪಾಡನ್ನು ಮರೆಯದೆ ಅರ್ಧ ಹಣವನ್ನು ಅದಕ್ಕೆಂದೇ ತೆಗೆದಿಡಲಾಯಿತು. ಕೆಲಸ ಯಾವುದೆಂದು ಸೂಚಿಸಿದ ಮೇಲೆ ಅದಕ್ಕೆ ಬೇಕಾದ ಸಾಧನವನ್ನೂ ಸಿದ್ಧಗೊಳಿಸಿ ಕೊಡಲಾಯಿತು. ಕೊನೆಗೆ ಒಂದು ಅವಧಿಯೂ ಇತ್ತು. ಹದಿನೈದು ದಿನ ಕಳೆದು ಬಂದು ತೋರಿಸಬೇಕು. ನಾವು ಉಪದೇಶ ಕೊಡುತ್ತೇವೆ, ಕಾವು ಹಾಕಿಕೊಡುವುದಿಲ್ಲ. ಅವಧಿ ಮುಗಿದ ಮೇಲೆ ಏನಾಯಿತೆಂದು ವಿಚಾರಿಸುವುದೂ ಇಲ್ಲ.

ಉಜಿರೆಯಲ್ಲಿ ಹುಟ್ಟಿದ ಮಾದರಿ

ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. ಬಜಪೆಯಿಂದ ಕೈಕಂಬ, ಬಿ.ಸಿ.ರೋಡ್ ದಾಟಿ ಬೆಳ್ತಂಗಡಿ ಕಡೆಗೆ ಹೋದರೆ ಉಜಿರೆ ಸಿಗುತ್ತದೆ. ಅಲ್ಲಿ 1982ರಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಎಜುಕೇಶನಲ್ ಟ್ರಸ್ಟ್, ಆಗಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ಕೆಲಸವಿಲ್ಲದ ಗ್ರಾಮೀಣ ಯುವಜನರಿಗೆ ಊಟ, ವಸತಿಯೊಂದಿಗೆ ಉಚಿತವಾಗಿ ಸ್ವ-ಉದ್ಯೋಗದ ತರಬೇತಿ ನೀಡುವುದು ಅದರ ಉದ್ದೇಶ. ಟೈಲರಿಂಗ್, ಮೊಬೈಲ್ ರಿಪೇರಿ, ಹೈನುಗಾರಿಕೆ, ಬ್ಯೂಟಿ ಪಾರ್ಲರ್ ಹೀಗೆ ಹಲವು ಕೆಲಸಗಳನ್ನು ಅಲ್ಲಿ ಕಲಿಸುತ್ತಾರೆ.

ಕೆಲಸ ಕಲಿಸುವ ಕೇಂದ್ರಗಳು ಬೇರೆಯೂ ಇವೆ. ರುಡ್‌ಸೆಟ್‌ನ ವಿಶೇಷವಿರುವುದು ಎರಡು ಸಂಗತಿಗಳಲ್ಲಿ. ಮೊದಲನೆಯದು, ಕೈಗೆ ಕೆಲಸ ಕಲಿಸುವುದರ ಜೊತೆಗೆ ಮನಸ್ಸನ್ನೂ ಸಿದ್ಧಗೊಳಿಸುತ್ತಾರೆ. ನಾನು ಯಾರು, ನನ್ನ ಶಕ್ತಿ ಏನು, ಯಾವುದಕ್ಕೆ ಹೆದರುತ್ತೇನೆ, ನನ್ನ ಊರಿನಲ್ಲಿ ಯಾವುದಕ್ಕೆ ಗಿರಾಕಿ ಇದ್ದಾರೆ ಎಂಬುದನ್ನು ಶಿಬಿರಾರ್ಥಿಗಳೇ ಯೋಚಿಸಿ ಹೇಳುವಂತೆ ಮಾಡುತ್ತಾರೆ. ಎರಡನೆಯದು, ತರಬೇತಿ ಮುಗಿದ ಮೇಲೆ ಎರಡು ವರ್ಷಗಳವರೆಗೆ ಸಂಪರ್ಕ ಇಟ್ಟುಕೊಳ್ಳುತ್ತಾರೆ. ಅಂಗಡಿ ಹಾಕಿದರೇ, ಬ್ಯಾಂಕ್ ಸಾಲ ಸಿಕ್ಕಿತೇ, ಎಲ್ಲಿ ತೊಡಕಾಯಿತು ಎಂದು ವಿಚಾರಿಸುತ್ತಾರೆ. ಈ ಮಾದರಿ ಎಷ್ಟು ಮೆಚ್ಚುಗೆಯಾಯಿತೆಂದರೆ, 2009ರಲ್ಲಿ ಕೇಂದ್ರ ಸರಕಾರವು ದೇಶದ ಪ್ರತಿ ಜಿಲ್ಲೆಯಲ್ಲೂ ಬ್ಯಾಂಕುಗಳ ಮೂಲಕ ಇಂತಹ ಕೇಂದ್ರ ತೆರೆಯುವ ಯೋಜನೆ ಹಾಕಿಕೊಂಡಿತು. ಅವನ್ನು ಆರ್‌ಸೆಟಿ ಎನ್ನುತ್ತಾರೆ. ಬೇರೆ ಜಿಲ್ಲೆಗಳಲ್ಲಿರುವ ಸಹೋದರಿಯರು ತಮ್ಮ ಊರಿನ ಬ್ಯಾಂಕಿನಲ್ಲಿ ಕೇಳಿದರೆ ವಿಳಾಸ ಸಿಗುತ್ತದೆ. 18 ವರ್ಷ ದಾಟಿದ ಹೆಣ್ಣುಮಕ್ಕಳೂ ಅಲ್ಲಿ ಕಲಿಯಬಹುದು.

ಇಂತಹ ಸ್ವ-ಉದ್ಯೋಗ ತರಬೇತಿಗಳಲ್ಲಿ ಒಂದು ಆಟ ಆಡಿಸುವುದುಂಟು. ನೆಲದ ಮೇಲೆ ಒಂದು ಗೂಟ, ಕೈಯಲ್ಲಿ ಕೆಲವು ಬಳೆ. ಎಷ್ಟು ದೂರದಿಂದ ಎಸೆಯಬೇಕೆಂಬುದು ನಿಮ್ಮದೇ ಆಯ್ಕೆ. ಕೆಲವರು ಗೂಟದ ಪಕ್ಕದಲ್ಲೇ ನಿಂತು ಹಾಕುತ್ತಾರೆ. ಬಳೆ ಬೀಳುತ್ತದೆ, ಆದರೆ ಸಂತೋಷವಿಲ್ಲ. ಕೆಲವರು ತೀರಾ ದೂರದಿಂದ ಎಸೆಯುತ್ತಾರೆ. ಬೀಳುವುದೇ ಇಲ್ಲ, ಅದೃಷ್ಟವಿಲ್ಲ ಎನ್ನುತ್ತಾರೆ. ಸ್ವಲ್ಪ ಕಷ್ಟವಾದರೂ ಪ್ರಯತ್ನಿಸಿದರೆ ಬೀಳಬಹುದು ಎಂಬ ದೂರವನ್ನು ಆರಿಸುವವರು ಮೂರನೆಯವರು. ಸಾಧಿಸುವ ಹಂಬಲವುಳ್ಳವರು ಹೆಚ್ಚಾಗಿ ಆ ನಡುವಿನ ದೂರವನ್ನೇ ಆರಿಸುತ್ತಾರೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲಂಡ್ ತೋರಿಸಿಕೊಟ್ಟರು. ಆ ಹಂಬಲವನ್ನು ತರಬೇತಿಯಿಂದ ಬೆಳೆಸಬಹುದೇ ಎಂದು 1960ರ ದಶಕದಲ್ಲಿ ಅವರು ಪರೀಕ್ಷಿಸಿದ್ದು ನಮ್ಮ ನೆರೆಯ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳ ನಡುವೆ. ಬೆಳೆಸಬಹುದು ಎಂಬುದು ಅವರು ಕಂಡುಕೊಂಡ ಉತ್ತರವಾಗಿತ್ತು.

ನಮ್ಮ ಹೆಣ್ಣುಮಕ್ಕಳ ಪೈಕಿ ಎಷ್ಟು ಮಂದಿ ಗೂಟದ ಪಕ್ಕದಲ್ಲೇ ನಿಂತಿದ್ದಾರೆ ಎಂದು ಯೋಚಿಸಿ. ಅವರು ತಾವಾಗಿಯೇ ಅಲ್ಲಿ ನಿಂತರೇ, ನಾವು ನಿಲ್ಲಿಸಿದೆವೇ?

ಗುಂಪಿನಲ್ಲಿ ಮಾತು ಹೊರಡಿಸುವುದು

ಒಬ್ಬೊಬ್ಬರಿಗೆ ನೆರವಾಗುವುದು ಹೀಗಾದರೆ, ಗುಂಪಿನ ವಿಷಯದಲ್ಲಿ ಕರ್ನಾಟಕಕ್ಕೆ ಒಳ್ಳೆಯ ಅನುಭವವಿದೆ. ಇಂದು ಸ್ವಸಹಾಯ ಗುಂಪು ಇಲ್ಲದ ಊರಿಲ್ಲ. ಇದರ ಬೇರು ಹುಡುಕಿದರೆ ಬೆಂಗಳೂರಿನ ಮೈರಾಡ ಸಂಸ್ಥೆಯ ಹೆಸರು ಬರುತ್ತದೆ. 1980ರ ದಶಕದ ಮಧ್ಯದಲ್ಲಿ ಅದು ಬೆಳೆಸಿದ್ದ ದೊಡ್ಡ ಸಹಕಾರಿ ಸಂಘಗಳು ಒಂದೊಂದಾಗಿ ಒಡೆದವು. ಬಲಿಷ್ಠರಾದ ಕೆಲವರ ಕೈಗೆ ಸಂಘ ಸಿಕ್ಕಿತ್ತು. ಆಗ ಬಡ ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದು, ಸಾಲವನ್ನು ನಿಮಗೆ ತೀರಿಸುತ್ತೇವೆ, ಆ ದೊಡ್ಡ ಸಂಘಕ್ಕಲ್ಲ ಎಂದರು. ಸಂಸ್ಥೆಯವರು ಅವರ ಮಾತನ್ನು ತಳ್ಳಿಹಾಕಲಿಲ್ಲ. ಒಬ್ಬರನ್ನೊಬ್ಬರು ನಂಬುವವರ ಸಣ್ಣ ಗುಂಪೇ ಏಕೆ ಇರಬಾರದು ಎಂದು ಅದೇ ದಾರಿಯಲ್ಲಿ ಮುಂದುವರಿದರು. 1992ರಲ್ಲಿ ನಬಾರ್ಡ್ ಇಂತಹ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ತಂದಿತು. 2000-01ರಲ್ಲಿ ನಮ್ಮ ರಾಜ್ಯ ಸರಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಅಂಗನವಾಡಿ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಗುಂಪು ಕಟ್ಟಿಸಿದರು.

ಗುಂಪಿನ ಒಳ್ಳೆಯ ಸುಗಮಕಾರಳನ್ನು ಗುರುತಿಸುವುದು ಸುಲಭ. ಅವಳು ಕಡಿಮೆ ಮಾತಾಡುತ್ತಾಳೆ. ಮೂಲೆಯಲ್ಲಿ ಕುಳಿತವಳ ಅಭಿಪ್ರಾಯ ಬಾರದೆ ಸಭೆ ಮುಗಿಸುವುದಿಲ್ಲ. ತೀರ್ಮಾನವನ್ನು ಎಲ್ಲರಿಗೂ ಓದಿ ಹೇಳಿಸುತ್ತಾಳೆ. ಮುಖ್ಯವಾಗಿ, ಒಂದು ದಿನ ತಾನಿಲ್ಲದೆಯೂ ಗುಂಪು ನಡೆಯಬೇಕೆಂದು ಬಯಸುತ್ತಾಳೆ. ಮನೆಯಲ್ಲಿ ನಾಲ್ಕು ಮಂದಿ ಕೂತು ಮಗಳ ಮದುವೆಯ ಬಗ್ಗೆಯೋ, ಗಲ್ಫ್‌ನಿಂದ ಮರಳಿದ ಮಗನ ಉದ್ಯೋಗದ ಬಗ್ಗೆಯೋ ಮಾತನಾಡುವಾಗ ಇಂತಹ ಒಬ್ಬಳಿದ್ದರೆ ಎಷ್ಟು ಜಗಳ ತಪ್ಪುತ್ತದೆ! ಶೂರಾ ಎಂದರೆ ದೊಡ್ಡವರು ತೀರ್ಮಾನಿಸಿ ಉಳಿದವರಿಗೆ ತಿಳಿಸುವುದಲ್ಲ ತಾನೇ?

ನಾಲ್ಕು ಪ್ರಶ್ನೆಗಳು

ಇದನ್ನೆಲ್ಲ ಮನೆಯಲ್ಲಿ ಮಾಡುವುದು ಹೇಗೆ? ಬ್ರಿಟನ್ನಿನ ಜಾನ್ ವಿಟ್ಮೋರ್ ಎಂಬವರು 1992ರಲ್ಲಿ ಪ್ರಕಟವಾದ ತಮ್ಮ ಪುಸ್ತಕದ ಮೂಲಕ ಒಂದು ಸರಳ ಕ್ರಮವನ್ನು ಪ್ರಚಾರಕ್ಕೆ ತಂದರು. ಮೊದಲು ಗುರಿ, ಆಮೇಲೆ ಈಗಿನ ಸ್ಥಿತಿ, ಆಮೇಲೆ ಇರುವ ದಾರಿಗಳು, ಕೊನೆಗೆ ನಿರ್ಧಾರ. ನನಗೆ ಪರಿಚಯದ ಒಬ್ಬ ಸಹೋದರಿಯೊಡನೆ ಈ ನಾಲ್ಕು ಮೆಟ್ಟಿಲನ್ನು ನಾನು ಹತ್ತಿ ನೋಡಿದ್ದೇನೆ. ಅವರು ವಿಧವೆ, ಮಗಳು ಪಿಯುಸಿಯಲ್ಲಿದ್ದಳು, ಹಾಸಿಗೆ ಹಿಡಿದ ಅತ್ತೆ ಮನೆಯಲ್ಲಿದ್ದರು.

"ಟೀಚರ್, ನಾನೊಂದು ಟೈಲರಿಂಗ್ ಅಂಗಡಿ ಹಾಕಬೇಕು. ಎಲ್ಲಿಂದಾದರೂ ಸಾಲ ಕೊಡಿಸಿ" ಎಂದು ಬಂದರು.

ಹಿಂದಿನ ನಾನಾಗಿದ್ದರೆ ಸಾಲದ ಅರ್ಜಿ ಹುಡುಕುತ್ತಿದ್ದೆ. ಈ ಸಲ ಕೇಳಿದೆ, "ಅಂಗಡಿ ಆಯಿತು ಎಂದಿಟ್ಟುಕೊಳ್ಳಿ. ಒಂದು ವರ್ಷ ಕಳೆದ ಮೇಲೆ ನಿಮ್ಮ ಮನೆಯಲ್ಲಿ ಏನು ಬದಲಾಗಿರಬೇಕು?"

ಅವರು ಶಾಲಿನಿಂದ ಕಣ್ಣೊರೆಸಿಕೊಂಡರು. "ಮಗಳ ಫೀಸಿಗೆ ತಮ್ಮನ ಮುಂದೆ ಕೈಚಾಚಬಾರದು."

ನೋಡಿ, ಅವರ ಗುರಿ ಅಂಗಡಿಯಾಗಿರಲಿಲ್ಲ. ಫೀಸಾಗಿತ್ತು. ಅದಕ್ಕಿಂತಲೂ ಒಳಗೆ, ಮರ್ಯಾದೆಯಾಗಿತ್ತು. ಅದು ಅವರಿಗೂ ಆ ಕ್ಷಣದಲ್ಲೇ ಸ್ಪಷ್ಟವಾದದ್ದು.

ಎರಡನೆಯ ಪ್ರಶ್ನೆ ಈಗಿನ ಸ್ಥಿತಿಯದ್ದು. ಏನಿದೆ? ಹಳೆಯ ಹೊಲಿಗೆ ಯಂತ್ರವಿದೆ. ನೈಟಿ, ಲಂಗ ಹೊಲಿಯಲು ಬರುತ್ತದೆ. ಏನಿಲ್ಲ? ಚೂಡಿದಾರ್ ಕಟ್ಟಿಂಗ್ ಬರುವುದಿಲ್ಲ. ಅತ್ತೆಯನ್ನು ಬಿಟ್ಟು ದಿನವಿಡೀ ಹೊರಗಿರುವಂತಿಲ್ಲ. ಅಂಗಡಿಯ ಅಡ್ವಾನ್ಸ್, ಬಾಡಿಗೆ ಕೊಟ್ಟರೆ ಮೊದಲ ವರ್ಷ ಕೈಗೆ ಏನೂ ಉಳಿಯದೆಂದು ಅವರೇ ಕಾಗದದ ಮೇಲೆ ಲೆಕ್ಕ ಹಾಕಿದರು.

ಮೂರನೆಯದು ದಾರಿಗಳು. ನಾನು ಉಜಿರೆಯ ತರಬೇತಿಯ ಬಗ್ಗೆ ಹೇಳಿದೆ. ಅತ್ತೆಯಿಂದಾಗಿ ಅಲ್ಲಿ ಉಳಿದು ಕಲಿಯುವುದು ಆಗದೆಂದರು. ಒತ್ತಾಯಿಸಬೇಕೆಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. "ಬೇರೆ ಏನಿದೆ?" ಎಂದು ಕೇಳಿ ಸುಮ್ಮನಾದೆ. ಸ್ವಲ್ಪ ಹೊತ್ತಿನ ನಂತರ, ಹತ್ತಿರದಲ್ಲೇ ಹೊಲಿಯುವ ಒಬ್ಬ ಹೆಂಗಸಿನ ಹೆಸರು ಹೇಳಿದರು. ಅಸರ್ ನಂತರ ಮಗಳು ಮನೆಯಲ್ಲಿರುವ ಹೊತ್ತಿಗೆ ಎರಡು ಗಂಟೆ ಹೋಗಿ, ಅವರಿಗೆ ಗುಂಡಿ, ಹುಕ್ಕು ಹಾಕಿಕೊಟ್ಟು, ಬದಲಿಗೆ ಕಟ್ಟಿಂಗ್ ಕಲಿಯುವುದು. ಈ ದಾರಿ ನನಗೆ ಹೊಳೆಯಲು ಸಾಧ್ಯವೇ ಇರಲಿಲ್ಲ.

ನಾಲ್ಕನೆಯದು ನಿರ್ಧಾರ. "ಯಾವಾಗ ಹೋಗಿ ಕೇಳುತ್ತೀರಿ?" "ನಾಳೆ." "ನನಗೆ ಯಾವಾಗ ತಿಳಿಸುತ್ತೀರಿ?" "ಶುಕ್ರವಾರ." ಶುಕ್ರವಾರ ಅವರು ಬರಲಿಲ್ಲ. ನಾನೇ ಹೋದೆ. ಕೇಳಲು ಮುಜುಗರವಾಯಿತೆಂದರು. ನಾನು ಬಯ್ಯಲಿಲ್ಲ. "ಕೇಳುವಾಗ ನಾನು ಜೊತೆಗಿದ್ದರೆ ಸುಲಭವಾಗುತ್ತದೆಯೇ?" ಎಂದು ವಿಚಾರಿಸಿದೆ. ಇಬ್ಬರೂ ಹೋದೆವು. ಕೊಡಲಿಗೆ ಕಾವು ಹಾಕುವುದೆಂದರೆ ನನ್ನ ಮಟ್ಟಿಗೆ ಅಷ್ಟೇ ಆಗಿತ್ತು.

ಒಂದು ವರ್ಷದ ಕೊನೆಗೆ ಏನಾಯಿತು? ಫೀಸಿನ ಮೂರು ಕಂತುಗಳಲ್ಲಿ ಎರಡನ್ನು ಸ್ವಂತ ದುಡಿಮೆಯಿಂದ ಕಟ್ಟಿದರು. ಮೂರನೆಯದಕ್ಕೆ ತಮ್ಮನಿಂದ ಸಾಲವೆಂದೇ ಹೇಳಿ ತೆಗೆದುಕೊಂಡು, ರಮಳಾನಿನ ಹೊಲಿಗೆಯಿಂದ ತೀರಿಸಿದರು. ಅಂಗಡಿ ಇಂದಿಗೂ ಇಲ್ಲ. ಅದು ಬೇಕೆಂದು ಈಗ ಅವರಿಗೂ ಅನಿಸುವುದಿಲ್ಲ.

ಸುಮ್ಮನಿರುವ ಅಭ್ಯಾಸ

ಈ ನಾಲ್ಕು ಪ್ರಶ್ನೆಗಳಿಗಿಂತಲೂ ಕಷ್ಟದ ಕೆಲಸ, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು. 1970ರ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ ತರಗತಿಗಳಲ್ಲಿ ಕುಳಿತು ಲೆಕ್ಕ ಹಾಕಿದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸರಾಸರಿ ಒಂದೇ ಒಂದು ಸೆಕೆಂಡ್! ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಗೊತ್ತಿಲ್ಲ ಎನ್ನುವುದು ಕಡಿಮೆಯಾಯಿತು, ಹಿಂದಿನ ಬೆಂಚಿನವರೂ ಮಾತಾಡತೊಡಗಿದರು. ಇದನ್ನು ಓದಿದ ಮೇಲೆ ನಾನು ನನ್ನ ತರಗತಿಯಲ್ಲಿ ಮನಸ್ಸಿನೊಳಗೆ ಎಣಿಸತೊಡಗಿದೆ. ಮೂರು ಸೆಕೆಂಡ್ ಎಷ್ಟು ದೀರ್ಘವೆಂದು ಎಣಿಸಿದವರಿಗಷ್ಟೇ ಗೊತ್ತು. ಮದುವೆ ಮನೆಯಲ್ಲಿ ಆ ಹುಡುಗಿ ಸುಮ್ಮನಿದ್ದಾಗ ನಾನು ನಡುವೆ ಬಾಯಿ ಹಾಕಿದ್ದರೆ ಅವಳ ಉತ್ತರ ನನಗೆ ಸಿಗುತ್ತಲೇ ಇರಲಿಲ್ಲ.

ಇನ್ನೊಂದು ಎಚ್ಚರ. "ನಿನಗೆ ನರ್ಸಿಂಗ್ ಇಷ್ಟ ಅಲ್ವಾ?" ಎಂಬುದು ಪ್ರಶ್ನೆಯಲ್ಲ. ಅದು ಪ್ರಶ್ನೆಯ ಬುರ್ಖಾ ಹಾಕಿಕೊಂಡ ಆಜ್ಞೆ. "ಏಕೆ ಮಾಡಲಿಲ್ಲ?" ಎಂದರೂ ಮಕ್ಕಳಿಗೆ ಅದು ವಿಚಾರಣೆಯಂತೆ ಕೇಳಿಸುತ್ತದೆ. "ಯಾವ ಜಾಗದಲ್ಲಿ ಕಷ್ಟವಾಯಿತು?" ಎಂದು ಕೇಳಿದರೆ ಬಾಗಿಲು ತೆರೆಯುತ್ತದೆ.

ಮಿತಿಗಳನ್ನೂ ತಿಳಿದಿರೋಣ

ಪ್ರಶ್ನೆಗಳಿಂದ ಎಲ್ಲವೂ ಸರಿಯಾಗುವುದಿಲ್ಲ. ಊರಿಗೆ ಸಂಜೆಯ ಬಸ್ಸಿಲ್ಲದಿದ್ದರೆ, ಫೀಸಿಗೆ ಹಣವಿಲ್ಲದಿದ್ದರೆ, ಬರೀ ಗುರಿ ಸ್ಪಷ್ಟವಾಗಿ ಪ್ರಯೋಜನವಿಲ್ಲ. ಅಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬಿಸುವ ಕೈ ಬೇಕು, ಜಮಾಅತ್ ನೆರವಿಗೆ ಬರಬೇಕು. ಮನೆಯಲ್ಲಿ ಹೊಡೆತ ತಿನ್ನುತ್ತಿರುವವಳಿಗೆ ನಿನ್ನ ಗುರಿಯೇನು ಎಂದು ಕೇಳುತ್ತಾ ಕೂರುವುದು ಕ್ರೌರ್ಯ. ಅವಳಿಗೆ ಮೊದಲು ರಕ್ಷಣೆ ಬೇಕು. ಮಹಿಳಾ ಸಹಾಯವಾಣಿ 181 ಇದೆ. ನಿದ್ದೆ, ಊಟ ಬಿಟ್ಟು ಬದುಕೇ ಬೇಡವೆನ್ನುವವರಿಗೆ ವೈದ್ಯರು ಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇನ್ನು, ಮೊಬೈಲಿನಲ್ಲಿ ದಿನವೂ ಬರುವ ಲೈಫ್ ಕೋಚ್ ಜಾಹೀರಾತುಗಳು. ಮೂರು ದಿನದ ಶಿಬಿರದಲ್ಲಿ ಬದುಕು ಬದಲಾಗುತ್ತದೆ, ಮನೆಯಲ್ಲೇ ಕೂತು ಲಕ್ಷ ಗಳಿಸಿ, ನಿಮ್ಮ ಕೆಳಗೆ ಹತ್ತು ಮಂದಿಯನ್ನು ಸೇರಿಸಿ ಎನ್ನುವವರಿಂದ ದೂರವಿರಿ. ಇವರ ಬಳಿ ಪ್ರಶ್ನೆಗಳಿರುವುದಿಲ್ಲ, ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ನಿಮ್ಮ ಮಾತು ಕೇಳದೆಯೇ ನಿಮ್ಮ ಗುರಿ ಹೇಳಬಲ್ಲವರು ನಿಮ್ಮ ಪರ್ಸನ್ನಷ್ಟೇ ನೋಡುತ್ತಿರುತ್ತಾರೆ.

ಆ ಹುಡುಗಿಯ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆ. ಮದುವೆ ಮನೆಯಿಂದ ಮರಳಿದ ಮರುದಿನ ಅವಳ ಮನೆಗೆ ಹೋಗಿ, ತಾಯಿಯ ಎದುರಿನಲ್ಲೇ ಅವಳಲ್ಲಿ ಕ್ಷಮೆ ಕೇಳಿದೆ. ತಾಯಿಗೆ ಗಾಬರಿ. "ಟೀಚರ್ ನೀವು ಹಾಗೆಲ್ಲ ಹೇಳಬಾರದು" ಎಂದರು. ಹುಡುಗಿ ಮಾತ್ರ ಮೊದಲ ಬಾರಿಗೆ ನನ್ನ ಮುಖ ನೋಡಿದಳು. ಆ ವರ್ಷ ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ವಾಣಿಜ್ಯ ಪರೀಕ್ಷೆಗೆ ಸಿದ್ಧತೆ ಆರಂಭಿಸಿದಳು. ಬೀಡಿ ಎಲೆ ಕತ್ತರಿಸುತ್ತಲೇ ಓದಿದಳು. ಮುಂದೆ ಬಿ.ಕಾಂ. ಕೂಡ ಮುಗಿಸಿದಳು. ಈಗ ಒಂದು ಸಗಟು ಅಂಗಡಿಯ ಲೆಕ್ಕಪತ್ರ ಅವಳ ಕೈಯಲ್ಲಿದೆ. ಅವಳಿಗೆ ಕಳೆದುಹೋದ ಎರಡು ವರ್ಷಗಳನ್ನು ಮರಳಿ ಕೊಡಲು ನನ್ನಿಂದಾಗದು. ತಾಯಿಯ ಬಳೆ ಬಿಡಿಸಿದ್ದು ಅವಳೇ, ತನ್ನ ಸಂಬಳದಿಂದ.

ಸಹೋದರಿಯರೇ, ಈ ತಿಂಗಳು ಒಂದು ಕೆಲಸ ಮಾಡಿ. ಮಗಳೋ, ಸೊಸೆಯೋ, ತಂಗಿಯೋ, ಒಬ್ಬರನ್ನು ಆರಿಸಿಕೊಳ್ಳಿ. ಹದಿನೈದು ನಿಮಿಷ ಟಿವಿ, ಮೊಬೈಲ್ ಬದಿಗಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಒಂದು ವರ್ಷದ ನಂತರ ನಿನ್ನ ಬದುಕಿನಲ್ಲಿ ಏನು ಬದಲಾಗಿರಬೇಕೆಂದು ಬಯಸುತ್ತೀಯಾ ಎಂದು ಕೇಳಿ. ಅವಳು ತಕ್ಷಣ ಉತ್ತರಿಸಲಿಕ್ಕಿಲ್ಲ. ಇಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆಗೆ ಉತ್ತರ ಹುಡುಕಲು ಅವಳಿಗೂ ಸಮಯ ಬೇಕಲ್ಲವೇ?

ಕಾಯಿರಿ. ಉತ್ತರ ಬರುತ್ತದೆ, ಇನ್‌ಶಾ ಅಲ್ಲಾಹ್.